ಅಪ್ಪನ ಉದ್ದ ಪುಸ್ತಕ: ಪಿಗ್ಮಿ ಮನೆಯ ಹುಡುಗಿ ಸಾಫ್ಟ್‌ವೇರಿಗೆ ಬಂದ ಒಂದು ಪ್ರಕರಣ

ಇದು ನನ್ನ ಟೀಮಿನಲ್ಲಿದ್ದ ಒಬ್ಬಳು ಇಂಜಿನಿಯರ್ ವಿಷಯ. ಅವಳ ಹತ್ರವೂ ಅವಳ ಅಪ್ಪನ ಹತ್ರವೂ ಕೇಳಿಯೇ ಬರೀತಾ ಇದ್ದೇನೆ. ಹೆಸರು ಹಾಕುವುದಿಲ್ಲ, ಊರುಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ, ಕಂಪನಿ ಯಾವುದು ಸೊಸೈಟಿ ಯಾವುದು ಅಂತ ಹುಡುಕ್ಲಿಕ್ಕೆ ಹೋಗ್ಬೇಡಿ ದಯವಿಟ್ಟು. ಟೀಮ್ ನಡೆಸುವವರಿಗೆ, ಹೊಸ ಹುಡುಗರನ್ನು ಕೆಲಸಕ್ಕೆ ತಗೊಳ್ಳುವವರಿಗೆ ಉಪಯೋಗ ಆಗ್ಬಹುದು ಅಂತ ಅನಿಸ್ತು, ಮತ್ತೆ ನಾನು ಮಾಡಿದ ತಪ್ಪು ಇದರಲ್ಲಿ ದೊಡ್ಡದುಂಟು, ಅದನ್ನೂ ಬರೀಬೇಕು.

ಮನೆ

ಅವಳ ಅಪ್ಪ ಉಡುಪಿ ಹತ್ರದ ಒಂದು ಸಣ್ಣ ಸೊಸೈಟಿಗೆ ಪಿಗ್ಮಿ ಕಲೆಕ್ಟ್ ಮಾಡ್ತಿದ್ದವರು. ನಮ್ಮ ಕಡೆಯವರಿಗೆ ಪಿಗ್ಮಿ ಅಂದ್ರೆ ಎಂಥದು ಅಂತ ಹೇಳ್ಬೇಕಾಗಿಲ್ಲ, ಆದ್ರೆ ಘಟ್ಟದ ಮೇಲಿನವರು ಓದುವುದಾದ್ರೆ ಒಂದು ಮಾತು: 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಶುರು ಮಾಡಿದ ದಿನದಿನದ ಉಳಿತಾಯ ಇದು, ದಿನಕ್ಕೆ 2 ಆಣೆ ಕೊಟ್ರೂ ಸಾಕು, ಬ್ಯಾಂಕಿನ ಜನವೇ ಬಾಗಿಲಿಗೆ ಬಂದು ತಗೊಂಡು ಹೋಗ್ತಾರೆ. ಆ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿಗೆ ಸೇರಿ ಹೋಯ್ತು, ಪಿಗ್ಮಿ ಮಾತ್ರ ಊರೂರಿನ ಸೊಸೈಟಿಗಳಲ್ಲಿ ಈಗಲೂ ಉಂಟು. ಕಲೆಕ್ಟ್ ಮಾಡುವವರಿಗೆ ಸಿಗುವುದು ಹೆಚ್ಚಾಗಿ ಕಮಿಷನ್. ಬ್ಯಾಂಕಿನ ಪಿಗ್ಮಿ ಕಲೆಕ್ಟರ್‌ಗಳು ಕಾಯ್ದೆ ಪ್ರಕಾರ ಕೆಲಸಗಾರರೇ ಅಂತ ಸುಪ್ರೀಂ ಕೋರ್ಟು ಹೇಳ್ಲಿಕ್ಕೆ 2001 ಆಗ್ಬೇಕಾಯ್ತು. ಸಣ್ಣ ಸೊಸೈಟಿಯ ಈ ಅಪ್ಪನಿಗೆ ಅದರಿಂದ ಎಂಥದೂ ಬದಲಾಗ್ಲಿಲ್ಲ.

ಅಮ್ಮ ಬೀಡಿ ಕಟ್ತಿದ್ರು. ದಿನಕ್ಕೆ ಎಷ್ಟು ಕಟ್ಟಿದ್ರೂ ಬೀಡಿ ತಗೊಳ್ಳುವ ಬ್ರಾಂಚಿನಲ್ಲಿ ನೋಡಿ ಸರಿ ಇಲ್ಲ ಅಂತ ಒಂದಷ್ಟು ತೆಗೆದು ಹಾಕುವುದುಂಟು, ಆ ಲೆಕ್ಕ ಅಮ್ಮನ ತಲೆಗೆ. ಶಾಲೆ ಬಿಟ್ಟು ಬಂದ ಮೇಲೆ ಇವಳು ಎಲೆ ಕತ್ತರಿಸ್ತಾ, ಒಂದು ಕಟ್ಟಿಗೆ 25 ಬೀಡಿ ಅಂತ ಎಣಿಸ್ತಾ ಅಮ್ಮನ ಬದಿಯಲ್ಲಿ ಕೂತ್ಕೊಳ್ತಿದ್ಲು. ಬೀಡಿ ಕಾರ್ಮಿಕರ ಮಕ್ಕಳಿಗೆ ಸರ್ಕಾರ ಕೊಡುವ ಸ್ಕಾಲರ್‌ಶಿಪ್ಪು ಅವಳಿಗೆ ಬಂದಿತ್ತು, ಯೂನಿಫಾರ್ಮು ಪುಸ್ತಕ ಅದರಲ್ಲೇ ಆದದ್ದು ಅಂತ ಹೇಳ್ತಾಳೆ.

ರಾತ್ರಿ 8 ಗಂಟೆ ಹೊತ್ತಿಗೆ ಅಪ್ಪ ಬಂದು ಚೀಲ ಬಿಚ್ಚುವುದು. ಇವಳು ಕಾರ್ಬನ್ ಪ್ರತಿ ನೋಡಿ ಒಂದೊಂದೇ ಮೊತ್ತ ಓದುವುದು, ಅಪ್ಪ ಬಾಯಲ್ಲೇ ಕೂಡಿಸುವುದು, ಆಮೇಲೆ ನೋಟು ಎಣಿಸುವುದು. ಎಣಿಸುವ ಮೊದಲು ಅಪ್ಪ ಕೇಳ್ತಿದ್ರಂತೆ, "ಎಷ್ಟಿರ್ಬಹುದು ಮಗಾ, ಅಂದಾಜು ಹೇಳು". ಮೂರನೇ ಕ್ಲಾಸಿಂದ ಹೀಗೆ ಅಂದಾಜು ಹೇಳಿ ಹೇಳಿ ಅವಳಿಗೆ ಒಂದು ಅಭ್ಯಾಸ ಬಂದಿತ್ತು, ಉತ್ತರ ನೋಡುವ ಮೊದಲೇ ಉತ್ತರ ಎಲ್ಲಿರ್ಬೇಕು ಅಂತ ಗೊತ್ತಿರುವುದು. ನನ್ನ ಸರ್ವಿಸಿನಲ್ಲಿ ಇಷ್ಟು ಚೆನ್ನಾಗಿ ಇದನ್ನು ಮಾಡುವ ಇಂಜಿನಿಯರ್‌ಗಳನ್ನು ಬೆರಳಲ್ಲಿ ಎಣಿಸ್ಬಹುದು, ರಿಪೋರ್ಟು ತೆರೆದ ಕೂಡ್ಲೇ "ಸರ್ ಈ ಟೋಟಲ್ ತಪ್ಪುಂಟು" ಅಂತಿದ್ಲು, ಯಾಕೆ ಅಂತ ಆಮೇಲೆ ಹುಡುಕುವುದು.

ಕೆಲವು ರಾತ್ರಿ ದುಡ್ಡು ಕಮ್ಮಿ ಬರ್ತಿತ್ತು. 10 ರೂಪಾಯಿ, 20 ರೂಪಾಯಿ, ಒಮ್ಮೊಮ್ಮೆ 100. ಆಗ ಅಪ್ಪ ಎರಡು ಸಲ ಎಣಿಸಿ, ಒಂದೂ ಮಾತಾಡದೆ ಎದ್ದು ಹೋಗಿ, ಗೋಡೆಗೆ ತೂಗು ಹಾಕಿದ ಅಂಗಿಯ ಕಿಸೆಯಿಂದ ತೆಗೆದು ಚೀಲಕ್ಕೆ ಹಾಕ್ತಿದ್ರು. "ಈಗ ಸರಿ ಆಯ್ತು, ನೀನು ಮಲಗು". ಅವಳು ಮಲಗ್ತಿದ್ಲು. ಈ ದೃಶ್ಯವನ್ನು ದಯವಿಟ್ಟು ನೆನಪಿಟ್ಕೊಳ್ಳಿ, ಇಡೀ ಪ್ರಕರಣ ಇಲ್ಲಿಂದಲೇ.

ಅವಳು ಏಳನೇ ಕ್ಲಾಸಲ್ಲಿದ್ದಾಗ ಸೊಸೈಟಿಯವರು ಪಿಗ್ಮಿಗೆ ಕೈಮೆಷಿನ್ ಕೊಟ್ರು. ಬೆಳಿಗ್ಗೆ ಆಫೀಸಲ್ಲಿ ಖಾತೆಗಳ ಪಟ್ಟಿ ಅದಕ್ಕೆ ತುಂಬಿಸುವುದು, ದಿನವಿಡೀ ಅದರಲ್ಲೇ ಚೀಟಿ ಹೊಡೆಯುವುದು, ಸಂಜೆ ವಾಪಸ್ ಕಂಪ್ಯೂಟರಿಗೆ ಇಳಿಸುವುದು. ಅಪ್ಪನಿಗೆ ಅದರ ಬಟನ್ ಕೈಗೆ ಹತ್ಲಿಲ್ಲ. ಕನ್ನಡ ಮೀಡಿಯಮ್ಮಿನ ಹುಡುಗಿ ಡಿಕ್ಷನರಿ ಹಿಡ್ಕೊಂಡು ಇಂಗ್ಲಿಷ್ ಮ್ಯಾನುವಲ್ ಓದಿ ಅಪ್ಪನಿಗೆ ತುಳುವಿನಲ್ಲಿ ಹೇಳಿ ಕೊಟ್ಲು. ಕಂಪ್ಯೂಟರ್ ಸೈನ್ಸ್ ಯಾಕೆ ತಗೊಂಡೆ ಅಂತ ಇಂಟರ್ವ್ಯೂನಲ್ಲಿ ಕೇಳಿದ್ದಕ್ಕೆ ಅವಳು ಹೇಳಿದ್ದು ಇದೇ, ಬೇರೆ ಕಾರಣ ಹೇಳ್ಲಿಲ್ಲ. ಪಿಯುಸಿ, ಸಿಇಟಿ, ಇಲ್ಲಿಯದೇ ಒಂದು ಕಾಲೇಜು, ಎಲ್ಲಾ ಮಾಮೂಲು.

2016ರ ನವೆಂಬರ್ 8ರ ನೋಟು ರದ್ದತಿ ಆಗುವಾಗ ಅವಳು ಏಳನೇ ಸೆಮಿಸ್ಟರ್. ಕೊಡ್ಲಿಕ್ಕೆ ಜನರ ಕೈಯಲ್ಲಿ ನೋಟಿಲ್ಲ, ಪಿಗ್ಮಿ ನಿಂತೇ ಹೋದ ಹಾಗಾಯ್ತು, ಕಮಿಷನ್ನಿನಲ್ಲಿ ಬದುಕುವ ಮನೆ ಅದು. ಬೆಂಗಳೂರಿನ ಒಂದು ದೊಡ್ಡ ಕಂಪನಿಯ ಕೆಲಸ ಕೈಯಲ್ಲಿದ್ರೂ ಬಿಟ್ಟು, ಮಂಗಳೂರಿನಲ್ಲಿ ನಮ್ಮ ಹತ್ರ ಸೇರಿದ್ಲು, ಮನೆಯಿಂದ ಬಸ್ಸಲ್ಲಿ ಬಂದು ಹೋಗ್ಬಹುದು ಅಂತ. ನಾವು ಮಾಡ್ತಿದ್ದದ್ದೂ ಸೊಸೈಟಿಗಳಿಗೆ ಸಾಫ್ಟ್‌ವೇರು, ಪಿಗ್ಮಿಗೆ ಮೊಬೈಲ್ ಆ್ಯಪು. ಅಪ್ಪನ ಕೆಲಸಕ್ಕೇ ಆ್ಯಪ್ ಮಾಡುವುದು ಅಂತ ಅವಳಿಗೆ ತುಂಬಾ ಖುಷಿ ಇತ್ತು.

ತೊಂದರೆ ಶುರುವಾದದ್ದು

ಎರಡು ವರ್ಷ ಅವಳ ಬಗ್ಗೆ ಒಂದೇ ಒಂದು ದೂರು ಬರ್ಲಿಲ್ಲ. ಈಗ ಯೋಚಿಸಿದ್ರೆ ಅದೇ ಸೂಚನೆ ಆಗಿತ್ತು. ದಿನಾ ದುಡ್ಡಿನ ಲೆಕ್ಕ ಓಡುವ ಸಾಫ್ಟ್‌ವೇರಿನಲ್ಲಿ ಎರಡು ವರ್ಷ ಏನೂ ಆಗ್ಲಿಲ್ಲ ಅಂದ್ರೆ ಯಾರೋ ಮುಚ್ತಾ ಇದ್ದಾರೆ ಅಂತ ನನಗೆ ಹೊಳೀಬೇಕಿತ್ತು. ನಾನು ಎಂಥ ಮಾಡಿದೆ ಅಂದ್ರೆ ಮೀಟಿಂಗಲ್ಲಿ ಎಲ್ಲರ ಎದುರು "ಇವಳ ಮಾಡ್ಯೂಲಿಂದ ರಾತ್ರಿ ನನಗೆ ಒಂದೂ ಕಾಲ್ ಬರುವುದಿಲ್ಲ, ಎಲ್ಲರೂ ಹೀಗಿರಿ" ಅಂತ ಹೊಗಳಿದೆ. ಒಂದು ಸಲ ಅಲ್ಲ, ತುಂಬ ಸಲ.

2019ರ ಜೂನ್. ಮಳೆ ಶುರುವಾಯ್ತು, ಹೆಬ್ರಿ ಕಡೆ, ಘಟ್ಟದ ಬುಡದ ಊರುಗಳಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಕಲೆಕ್ಟರ್ ಮೊಬೈಲಲ್ಲಿ 50 ರೂಪಾಯಿ ಒತ್ತಿದ್ರೆ ಅದು ನಮ್ಮ ಸರ್ವರಿಗೆ ಬಂದು ಬರೆದಾಗ್ತದೆ, ಆದ್ರೆ "ಬಂತು" ಅನ್ನುವ ಉತ್ತರ ವಾಪಸ್ ಮೊಬೈಲಿಗೆ ಹೋಗುವಷ್ಟರಲ್ಲಿ ನೆಟ್‌ವರ್ಕ್ ಕಟ್, ಹೋಗ್ಲಿಲ್ಲ ಅಂತ ಎಣಿಸಿ ಮೊಬೈಲು ಅದನ್ನೇ ಮತ್ತೊಮ್ಮೆ ಕಳಿಸ್ತದೆ, ಸರ್ವರು ಮತ್ತೊಮ್ಮೆ ಬರ್ಕೊಳ್ತದೆ. 50 ಇದ್ದದ್ದು 100 ಆಯ್ತು. ಸಂಜೆ ಕಲೆಕ್ಟರ್ ಕೈಯಲ್ಲಿ ಇರುವ ದುಡ್ಡಿಗಿಂತ ಕಂಪ್ಯೂಟರಿನ ಟೋಟಲ್ ಜಾಸ್ತಿ, ಅಂದ್ರೆ ಅವನದ್ದು ಕಮ್ಮಿ ಬಿತ್ತು ಅಂತ ಲೆಕ್ಕ.

ಆ ಭಾಗದ ಕೋಡು ಅವಳೇ ಬರೆದದ್ದು. ಮೊದಲ ದಿನ ಒಬ್ಬ ಕಲೆಕ್ಟರ್ ಸೀದಾ ಅವಳಿಗೇ ಫೋನ್ ಮಾಡಿ 600 ರೂಪಾಯಿ ಕಮ್ಮಿ ಉಂಟು ಅಂದ್ರು. ರಾತ್ರಿ ಮನೆಯಿಂದ ಲಾಗಿನ್ ಆಗಿ ಎರಡೆರಡು ಬಂದ ಎಂಟ್ರಿಗಳನ್ನು ಕೈಯಲ್ಲೇ ಅಳಿಸಿದ್ಲು. ಬೆಳಿಗ್ಗೆ ಲೆಕ್ಕ ಸರಿ. ಯಾರಿಗೂ ಹೇಳ್ಲಿಲ್ಲ. ಮಾರನೇ ದಿನ ಮತ್ತೆ, ಆಮೇಲೆ ಮತ್ತೆ. ಮಳೆ ಜೋರಾದ ಹಾಗೆ ರಾತ್ರಿ 1 ಗಂಟೆ 2 ಗಂಟೆವರೆಗೆ ಕೂತು ಅಳಿಸ್ತಾ ಇದ್ಲು, ಕೊನೆಗೆ ಅದಕ್ಕೊಂದು ಸ್ಕ್ರಿಪ್ಟ್ ಬರೆದು ದಿನಾ ರಾತ್ರಿ ತನ್ನಷ್ಟಕ್ಕೇ ಓಡುವ ಹಾಗೆ ಇಟ್ಲು. ಒಂದೇ ಖಾತೆ, ಒಂದೇ ದಿನ, ಒಂದೇ ಮೊತ್ತ ಎರಡು ಸಲ ಇದ್ರೆ ಎರಡನೇದನ್ನು ಅಳಿಸು, ಅಷ್ಟೇ. ನಮ್ಮ ಎಲ್ಲಾ ಸೊಸೈಟಿಗಳಿಗೂ ಓಡ್ತಿತ್ತು ಅದು.

ಜೂನ್ ಜುಲೈ ಎರಡೂ ತಿಂಗಳು ಅದು ಸರಿಯಾಗಿಯೇ ಕೆಲಸ ಮಾಡಿತು, ಮತ್ತು ಯಾಕೆ ಸರಿ ಇತ್ತು ಅನ್ನುವುದು ಕರಾವಳಿಯವರಿಗೆ ಮಾತ್ರ ಅರ್ಥ ಆಗುವ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ಬೋಟಿನ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ ಬೋಟುಗಳೆಲ್ಲ ದಡದಲ್ಲಿ. ಆಗಸ್ಟಿನಲ್ಲಿ ಬೋಟು ಕಡಲಿಗೆ ಇಳಿದ ಮೇಲೆ ಮೀನು ಮಾರುವ ಹೆಂಗಸರ ಕೈಯಲ್ಲಿ ದುಡ್ಡು ಓಡಾಡ್ಲಿಕ್ಕೆ ಶುರು, ಬೂತಾಯಿ ಬಂಗುಡೆ ಚೆನ್ನಾಗಿ ಬಿದ್ದ ದಿನ ಬೆಳಿಗ್ಗೆ 200 ಕೊಟ್ಟವರು ಸಂಜೆ ಬುಟ್ಟಿ ಖಾಲಿಯಾದ ಮೇಲೆ ಇನ್ನೊಂದು 200 ಕೊಡುವುದುಂಟು. ಒಂದೇ ಖಾತೆ, ಒಂದೇ ದಿನ, ಒಂದೇ ಮೊತ್ತ. ಸ್ಕ್ರಿಪ್ಟಿಗೆ ಹೆಬ್ರಿಯ ನೆಟ್‌ವರ್ಕ್ ಗೊತ್ತಿತ್ತು, ಮಲ್ಪೆಯ ಮೀನು ಗೊತ್ತಿರ್ಲಿಲ್ಲ.

ಸೆಪ್ಟೆಂಬರಿನಲ್ಲಿ ಒಬ್ರು ಮೀನು ಮಾರುವ ಅಕ್ಕ ಸೊಸೈಟಿಗೆ ಬಂದು ಪಾಸ್‌ಬುಕ್ ಎಂಟ್ರಿ ಹಾಕಿಸಿದ್ರು. ಎರಡು ದಿನದ್ದು 200, 200, ಒಟ್ಟು 400 ರೂಪಾಯಿ ಕಾಣ್ಲಿಲ್ಲ. ಅವರ ಹತ್ರ ಚೀಟಿ ಇತ್ತು, ಎರಡೂ ದಿನದ್ದು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟಿದ್ರು. ಕಂಪ್ಯೂಟರಲ್ಲಿ ನೋಡಿದ್ರೆ ದಿನಕ್ಕೆ ಒಂದೊಂದೇ ಎಂಟ್ರಿ. ಚೀಟಿ ಕೊಟ್ಟದ್ದುಂಟು, ದುಡ್ಡು ಕಟ್ಟಿದ್ದಿಲ್ಲ, ಅಂದ್ರೆ ಕಲೆಕ್ಟರ್ ನುಂಗಿದ. ಎಲ್ಲರೂ ಹಾಗೇ ತಿಳ್ಕೊಂಡ್ರು. ಆ ಕಲೆಕ್ಟರ್ 50 ದಾಟಿದವರು, 20 ವರ್ಷದಿಂದ ಅದೇ ರೂಟು. ಅವರು ಜಗಳ ಮಾಡ್ಲಿಲ್ಲ. ಕಿಸೆಯಿಂದ 400 ತೆಗೆದು ಕಟ್ಟಿದ್ರು.

ವಿಷಯ ನಮ್ಮವರೆಗೆ ಬಂದದ್ದು ತಿಂಗಳ ಕೊನೆಗೆ. ಲೆಡ್ಜರಿಗಿಂತ ಸೊಸೈಟಿಯ ಕ್ಯಾಶು 1,350 ರೂಪಾಯಿ ಜಾಸ್ತಿ ಉಂಟು, ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ ಅಂತ ಮ್ಯಾನೇಜರ್ ಫೋನು. ಕಳ್ಳತನ ಆದ್ರೆ ದುಡ್ಡು ಕಮ್ಮಿ ಆಗ್ಬೇಕು, ಜಾಸ್ತಿ ಹೇಗೆ ಆಗ್ತದೆ? ನಾನು ಲಾಗ್ ತೆಗೆದು ಕೂತೆ, ಒಂದೂವರೆ ಗಂಟೆಯಲ್ಲಿ ಸ್ಕ್ರಿಪ್ಟು ಸಿಕ್ತು. ಆ ಸೊಸೈಟಿಯಲ್ಲಿ ಆ ತಿಂಗಳು 9 ಎಂಟ್ರಿ ಅಳಿಸಿತ್ತು, ಅಕ್ಕನ 2 ಸೇರಿ, ಒಟ್ಟು ಸರಿಯಾಗಿ 1,350.

ನಾನು ಮೊದಲು ಮಾಡಿದ್ದು

ಅವಳನ್ನು ಕರೆದು ಕೇಳಿದೆ. ಒಂದೇ ಸಲಕ್ಕೆ ಒಪ್ಕೊಂಡ್ಲು. ನಾನು ಕೋಪದಲ್ಲಿ ಪ್ರೊಡಕ್ಷನ್, ಅಂದ್ರೆ ನಿಜವಾದ ಲೆಕ್ಕ ಓಡುವ ಸರ್ವರಿನ ಪಾಸ್‌ವರ್ಡ್ ತೆಗೆದೆ, ಅವಳನ್ನು ಟೆಸ್ಟಿಂಗಿಗೆ ಹಾಕಿದೆ, ಇನ್ನು ಮುಂದೆ ಡೇಟಾ ಮುಟ್ಟುವ ಯಾವ ಕೆಲಸಕ್ಕೂ ಇಬ್ಬರ ಒಪ್ಪಿಗೆ ಬೇಕು ಅಂತ ನಿಯಮ ಮಾಡಿದೆ. ನಿಯಮ ಸರಿಯೇ, ಈಗಲೂ ಉಂಟು. ಆದ್ರೆ ಅದರಿಂದ ಅವಳು ಬದಲಾಗ್ಲಿಲ್ಲ. ಏನಾಯ್ತು ಅಂತ ಪೂರ್ತಿ ಬರೆದು ಕೊಡು ಅಂದ್ರೆ ಒಂದೇ ಸಾಲು ಬಂತು: "ತಪ್ಪು ನನ್ನದು, ನಷ್ಟವನ್ನು ನನ್ನ ಸಂಬಳದಲ್ಲಿ ಹಿಡೀರಿ." ನಾನು ಕೇಳಿದ್ದು ಕಾರಣ, ಅವಳು ಕೊಟ್ಟದ್ದು ದುಡ್ಡು. ಇನ್ನೂ ಎರಡು ಸಲ ಬರೆಸಿದೆ, ಅದೇ ಸಾಲು. ಟೆಸ್ಟಿಂಗಲ್ಲಿ ಅವಳು ಇನ್ನೂ ಮೌನ ಆದ್ಲು, ಒಂದು ದಿನ ಬೇರೆಯವನ ಬಗ್ ಕೂಡ ವರದಿ ಮಾಡದೆ ಅವನ ಹತ್ರ ಗುಟ್ಟಾಗಿ ಹೇಳಿ ಸರಿ ಮಾಡಿಸಿದ್ದು ಗೊತ್ತಾಯ್ತು. ಆಗ ನನಗೆ ಹೆದರಿಕೆ ಆದದ್ದು ನಿಜ. ಒಂದು ಸಲದ ತಪ್ಪಾಗಿದ್ರೆ ಅಲ್ಲಿಗೇ ನಿಲ್ಬೇಕಿತ್ತು, ಇದು ಅವಳ ಸ್ವಭಾವದಲ್ಲೇ ಸೇರಿ ಹೋಗಿದೆ ಅಂತ ಅನಿಸ್ತು, ಕೆಲಸದಿಂದ ತೆಗೆಯುವ ಮಾತೂ ಮೇಲಿನವರಿಂದ ಬಂತು.

ತೆಗೆಯುವ ಮೊದಲು ಒಂದು ಚಾ ಕುಡಿದು ಬರುವ ಅಂತ ಆಫೀಸಿನ ಕೆಳಗಿನ ಗೂಡಂಗಡಿಗೆ ಕರ್ಕೊಂಡು ಹೋದೆ. ಸಂಬಳದಲ್ಲಿ ಹಿಡೀರಿ ಅಂತ ಯಾಕೆ ಬರೀತೀ ಅಂತ ಮಾತ್ರ ಕೇಳಿದೆ. ಅಂಗಿಯ ಕಿಸೆಯ ಕತೆ ಆಗ ಹೊರಗೆ ಬಂತು. "ಸರ್, ನಮ್ಮನೆಯಲ್ಲಿ ಕಮ್ಮಿ ಬಿದ್ರೆ ರಾತ್ರಿಯೇ ಸರಿ ಮಾಡಿ ಮಲಗುವುದು. ಬೆಳಿಗ್ಗೆ ಇನ್ನೊಬ್ರಿಗೆ ಗೊತ್ತಾದ್ರೆ ಮರ್ಯಾದೆ ಹೋಯ್ತು." ನಾನು ಇಷ್ಟು ದಿನ ಅವಳದ್ದು ಅಹಂಕಾರ ಅಂತ ಎಣಿಸಿದ್ದೆ. ಅವಳು ಅದನ್ನು ಪ್ರಾಮಾಣಿಕತೆ ಅಂತ ಕಲಿತು ಬಂದಿದ್ದಾಳೆ. ಪ್ರಾಮಾಣಿಕತೆ ಅಂತ ಕಲಿತದ್ದನ್ನು ಪಾಸ್‌ವರ್ಡ್ ಕಿತ್ತುಕೊಂಡು ಬಿಡಿಸ್ಲಿಕ್ಕೆ ಆಗುವುದಿಲ್ಲ.

ಎರಡು ಭೇಟಿ

ಸೊಸೈಟಿಗೆ ಏನು ಹೇಳುವುದು ಅನ್ನುವುದು ಇನ್ನೂ ಬಾಕಿ ಇತ್ತು. ಸುಮ್ಮನೆ 9 ಎಂಟ್ರಿ ವಾಪಸ್ ಹಾಕಿ ತಾಂತ್ರಿಕ ದೋಷ ಅಂತ ಒಂದು ಮೇಲ್ ಕಳಿಸಿದ್ರೆ ಮುಗೀತಿತ್ತು, ಮೇಲಿನವರ ಇಷ್ಟವೂ ಅದೇ. ಆದ್ರೆ ಕಲೆಕ್ಟರ್ ಹೆಸರು ಹಾಳಾದದ್ದು ಒಂದು ಇಮೇಲಿನಿಂದ ಸರಿ ಆಗುವುದಿಲ್ಲ. ಕಮಿಟಿ ಮೀಟಿಂಗಿಗೆ ನಾನೇ ಹೋಗಿ ಕಾಗದದಲ್ಲಿ ಬರೆದು ಕೊಡ್ತೇನೆ ಅಂತ ನಿರ್ಧಾರ ಮಾಡಿದೆ. ಅವಳ ಹೆಸರು ಹೇಳುವುದಿಲ್ಲ ಅಂದಿದ್ದೆ, ಅವಳು ತಾನೂ ಬರ್ತೇನೆ ಅಂತ ಹಟ ಹಿಡಿದ್ಲು. ಕಾಗದ ಓದಿ ಆಯ್ತು, ಅವಳು ಎದ್ದು ಎಲ್ಲರ ಎದುರು ನಾನೇ ಮಾಡಿದ್ದು ಅಂದ್ಲು.

ಹೊರಗೆ ಬಂದ ಮೇಲೆ ಆ ಕಲೆಕ್ಟರ್ ಅವಳ ಹತ್ರ ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲುಂಟು. ಬಯ್ಯಲಿಲ್ಲ ಅವರು. "ಮಗಾ, ದುಡ್ಡು ಹೋದದ್ದಕ್ಕೆ ಬೇಜಾರಿಲ್ಲ. ನಾನು ಮಾತಾಡದೆ ದುಡ್ಡು ಕಟ್ಟಿದೆ ಅಲ್ವಾ, ಅದಕ್ಕೇ ಅವರಿಗೆ ಖಾತ್ರಿ ಆದದ್ದು ನಾನೇ ತಿಂದದ್ದು ಅಂತ." ಅವಳು ಬಸ್ಸು ಹತ್ತುವವರೆಗೂ ಮಾತಾಡ್ಲಿಲ್ಲ. ಅಪ್ಪನಂಥ ಮನುಷ್ಯ, ಅಪ್ಪ ಮಾಡಿದ್ದನ್ನೇ ಮಾಡಿ, ಅದರಿಂದಲೇ ಕಳ್ಳ ಅನ್ನಿಸ್ಕೊಂಡದ್ದನ್ನು ಅವಳು ಕಣ್ಣಾರೆ ನೋಡಿದ್ಲು.

ಆ ಆದಿತ್ಯವಾರ ಫೋನ್ ಮಾಡಿ ಮನೆಗೆ ಬನ್ನಿ ಸರ್ ಅಂದ್ಲು. ಹೋದೆ. ಅವಳ ಅಪ್ಪನಿಗೆ ಎಲ್ಲಾ ಹೇಳಿ ಆಗಿತ್ತು. ಅವರು ಒಳಗಿನಿಂದ ಒಂದು ಉದ್ದದ ಪುಸ್ತಕ ತಂದು ನನ್ನ ಎದುರು ಇಟ್ರು, ಅಂಗಡಿಯವರು ಸಾಲ ಬರೆಯುವಂಥದ್ದು, ರಟ್ಟು ಹರಿದಿತ್ತು. ಅದರಲ್ಲಿ ತಾರೀಕು, ಎಷ್ಟು ಕಮ್ಮಿ, ಯಾವ ಮನೆಯಲ್ಲಿ ತಪ್ಪಿರ್ಬಹುದು ಅಂತ ಅನುಮಾನ, ಕಿಸೆಯಿಂದ ಎಷ್ಟು ಹಾಕಿದ್ದು, ಬದಿಯಲ್ಲಿ ಸೊಸೈಟಿ ಮ್ಯಾನೇಜರರ ಸಹಿ. ಪ್ರತಿ ಸಲದ್ದೂ. ತಪ್ಪು ಎಲ್ಲಿ ಅಂತ ಸಿಕ್ಕಿದ್ದಕ್ಕೆ ಅಡ್ಡ ಗೀಟು. 2003ರ ಒಂದು 70 ರೂಪಾಯಿಗೆ ಇನ್ನೂ ಗೀಟಿಲ್ಲ.

"ರಾತ್ರಿ ಹಾಕುವುದು ಇವಳು ನೋಡಿದ್ದಾಳೆ," ಅಂದ್ರು. "ಬೆಳಿಗ್ಗೆ ಹೋಗಿ ನಾನು ಮ್ಯಾನೇಜರಿಗೆ ತೋರಿಸುವ ಹೊತ್ತಿಗೆ ಇವಳು ಶಾಲೆಗೆ ಹೋಗಿ ಆಗಿರ್ತಿತ್ತು. ಹೇಳ್ಬೇಕು ಅಂತ ನನಗೆ ಹೊಳೀಲೇ ಇಲ್ಲ. ಮತ್ತೆ ಒಂದು ಮಾತು ಸರ್, ನಾನು ಹಾಕಿದ್ದು ನನ್ನ ದುಡ್ಡು. ಊರಿನವರ ಪುಸ್ತಕದಲ್ಲಿ ನಾನು ಒಂದು ಅಕ್ಷರ ಅಳಿಸಿದವನಲ್ಲ." ಕೊನೆಯದನ್ನು ಹೇಳುವಾಗ ಅವರು ನನ್ನನ್ನು ನೋಡ್ತಿದ್ರು, ಮಗಳನ್ನಲ್ಲ.

ಅಷ್ಟರಲ್ಲಿ ಅಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತು ಹೇಳಿದ್ರು, ಅವರು ಬರೆದಿಟ್ರು, ನಾನು ಬರೀಲಿಲ್ಲ, ಬ್ರಾಂಚಿನಲ್ಲಿ ತೆಗೆದು ಹಾಕಿದ್ದನ್ನು ಮಕ್ಕಳಿಗೆ ಗೊತ್ತಾಗ್ಬಾರ್ದು ಅಂತ ರಾತ್ರಿ ಕೂತು ಬೇರೆ ಕಟ್ತಿದ್ದೆ, ಇವಳು ಎದ್ದು ನೋಡಿದ್ದಾಳೆ, ಅದೂ ಇವಳಿಗೆ ಬಂದಿದೆ ಅಂತ. ಹಾಗಾಗಿ ಅಪ್ಪನದ್ದನ್ನು ಅರ್ಧ ನೋಡಿ ತಪ್ಪು ತಿಳ್ಕೊಂಡ್ಲು ಅಂತ ಇದನ್ನು ಮುಗಿಸ್ಲಿಕ್ಕೆ ನನಗೆ ಮನಸ್ಸಿಲ್ಲ. ಅಮ್ಮನದ್ದನ್ನು ಅವಳು ಪೂರ್ತಿ ನೋಡಿದ್ದಾಳೆ, ಸರಿಯಾಗಿಯೇ ತಿಳ್ಕೊಂಡಿದ್ದಾಳೆ. ತಪ್ಪಾದ್ರೆ ಕೂಲಿ ಕತ್ತರಿಸುವ ಕಡೆ ಜನ ತಪ್ಪನ್ನು ಮುಚ್ಚಲೇಬೇಕಾಗ್ತದೆ. ಮತ್ತೆ ನಾನು ಮೀಟಿಂಗಲ್ಲಿ ಕಾಲ್ ಬರದ್ದಕ್ಕೆ ಹೊಗಳಿ ಹೊಗಳಿ ಅದಕ್ಕೇ ನೀರು ಹಾಕಿದೆ.

ಆಮೇಲೆ

ಸೋಮವಾರ ಅವಳು ಬರೆದ ವರದಿ 6 ಪುಟ ಇತ್ತು. ಜೂನಿನ ಮೊದಲ ಫೋನಿಂದ ಹಿಡಿದು, ಯಾವ ರಾತ್ರಿ ಎಷ್ಟು ಅಳಿಸಿದ್ದು, ಆಗ ಏನು ಎಣಿಸಿದ್ದು, ಎಲ್ಲಾ. ಅದನ್ನು ಓದಿದ ಮೇಲೆಯೇ ಬೇರು ಎಲ್ಲಿ ಅಂತ ನಮಗೆ ಕಂಡದ್ದು: ಮೊಬೈಲಿಂದ ಹೊಡೆಯುವ ಪ್ರತಿ ಚೀಟಿಗೂ ಒಂದು ನಂಬರು ಮೊದಲಿಂದಲೂ ಇತ್ತು, ಕಾಗದದ ಮೇಲೆ ಅಚ್ಚಾಗ್ತಿತ್ತು, ಆದ್ರೆ ಸರ್ವರಿಗೆ ಆ ನಂಬರು ಕಳಿಸ್ತಾನೇ ಇರ್ಲಿಲ್ಲ. ಮೊತ್ತ ನೋಡಿ ಇದು ಎರಡನೇದಾ ಅಂತ ಊಹಿಸುವ ಬದಲು, ನಂಬರು ಒಂದೇ ಆದ್ರೆ ಅದೇ ಚೀಟಿ, ಬೇರೆ ಆದ್ರೆ ಬೇರೆ ಚೀಟಿ, ಮುಗೀತು. ಒಂದೇ ನಂಬರು ಎರಡನೇ ಸಲ ಬಂದ್ರೆ ಸರ್ವರು ಹೊಸದಾಗಿ ಬರೀದೆ "ಬಂದಾಗಿದೆ" ಅಂತ ಮಾತ್ರ ಉತ್ತರ ಕೊಡ್ತದೆ. ಎರಡು ದಿನದ ಕೆಲಸ. ಜೂನಿನಲ್ಲಿ ಮೊದಲ 600 ರೂಪಾಯಿಗೇ ಅವಳು ನಮ್ಮ ಹತ್ರ ಹೇಳಿದ್ರೆ, ಅಥವಾ ಹೇಳ್ಬಹುದು ಅಂತ ಅವಳಿಗೆ ಅನಿಸುವ ಹಾಗೆ ನಾನು ಇದ್ದಿದ್ರೆ, ಆ ವಾರವೇ ಆಗ್ತಿತ್ತು.

ಅವಳನ್ನು ವಾಪಸ್ ಅದೇ ಮಾಡ್ಯೂಲಿಗೆ ಹಾಕಿದೆ. ಮೇಲಿನವರಿಗೆ ಇಷ್ಟ ಇರ್ಲಿಲ್ಲ, ನಾನು ಜವಾಬ್ದಾರಿ ತಗೊಂಡೆ. ಲೆಡ್ಜರಿನಿಂದ ಯಾರೂ ಏನೂ ಅಳಿಸುವ ಹಾಗಿಲ್ಲ, ತಪ್ಪಿದ್ರೆ ಕಾರಣ ಬರೆದು ವಿರುದ್ಧ ಎಂಟ್ರಿ ಹಾಕುವುದು ಅಂತ ಅವಳೇ ಮಾಡಿದ್ಲು. ಬ್ಯಾಂಕಿನವರು ಹಿಂದಿನಿಂದಲೂ ಮಾಡುವುದು ಅದನ್ನೇ, ನಾವು ಸಾಫ್ಟ್‌ವೇರಿನವರಿಗೆ ಡಿಲೀಟ್ ಸುಲಭ ಅಂತ ಮರೆತು ಹೋಗಿತ್ತು. ನನ್ನ ಕಡೆಯಿಂದ, ಸೋಮವಾರದ ಮೀಟಿಂಗಲ್ಲಿ ಮೊದಲು ನನ್ನ ತಪ್ಪು ನಾನು ಹೇಳ್ಲಿಕ್ಕೆ ಶುರು ಮಾಡಿದೆ. ಮೊದಲ ಒಂದು ತಿಂಗಳು ಯಾರೂ ಬಾಯಿ ಬಿಡ್ಲಿಲ್ಲ, ನಾನೊಬ್ಬನೇ ಹೇಳಿದ್ದು. ಇಂಟರ್ವ್ಯೂನಲ್ಲಿ ಮನೆಯ ವಿಷಯ ಕೆದಕುವುದು ತಪ್ಪು, ಅದನ್ನು ಈಗಲೂ ಮಾಡುವುದಿಲ್ಲ, ಆದ್ರೆ ಯಾರಾದ್ರೂ ಹೊಸಬರು ಅತಿ ಶಾಂತವಾಗಿ ಕೆಲಸ ಮಾಡ್ತಾ ಇದ್ರೆ ಹೊಗಳುವ ಮೊದಲು ಹತ್ರ ಕೂತು "ಈ ವಾರ ಎಂಥ ತೊಂದ್ರೆ ಆಯ್ತು" ಅಂತ ಕೇಳ್ತೇನೆ.

ಅವಳು ಇನ್ನೂ ನಾಲ್ಕು ವರ್ಷ ನಮ್ಮಲ್ಲಿದ್ದು ಬೇರೆ ಕಡೆ ಹೋದ್ಲು, ದುಡ್ಡಿನ ಲೆಕ್ಕದ ಕೆಲಸವೇ. ಹೊಸಬರಿಗೆ ಅವಳು ಹೇಳಿ ಕೊಡ್ತಿದ್ದದ್ದು ಅಪ್ಪನ ಹಾಗೇ, ಡೇಟಾ ಹುಡುಕುವ ಕ್ವೆರಿ ಓಡಿಸುವ ಮೊದಲು ಎಷ್ಟು ಸಾಲು ಬರ್ಬಹುದು ಅಂದಾಜು ಹೇಳು ಅಂತ.

ಆ ಕಲೆಕ್ಟರಿಗೆ 400 ರೂಪಾಯಿ ವಾಪಸ್ ಸಿಕ್ತು, ಅವರದ್ದು ತಪ್ಪಿಲ್ಲ ಅಂತ ಸೊಸೈಟಿಯವರು ಬರೆದು ನೋಟೀಸ್ ಬೋರ್ಡಿಗೂ ಹಾಕಿದ್ರು. ಆದ್ರೆ ಎರಡು ತಿಂಗಳು ಕಳೆದು ಅವರು ಪಿಗ್ಮಿ ಬಿಟ್ಟು ಬಿಟ್ರು. ನಾವಿಬ್ರೂ ಅವರ ಮನೆಗೆ ಹೋಗಿ ಕೇಳಿದ್ದಕ್ಕೆ, ಬೋರ್ಡು ಓದುವವರು ಎಷ್ಟು ಜನ ಸರ್, ನಾನು ಹೋಗುವುದು ಮನೆ ಮನೆಗೆ ಅಲ್ವಾ ಅಂದ್ರು. ಮೀನು ಮಾರುವ ಅಕ್ಕ ಮಾತ್ರ ಅವರು ಬಿಟ್ಟ ದಿನದಿಂದ ಬೇರೆಯವರ ಕೈಗೆ ಪಿಗ್ಮಿ ಕೊಡ್ಲಿಲ್ಲವಂತೆ, ತಿಂಗಳಿಗೊಮ್ಮೆ ತಾವೇ ಸೊಸೈಟಿಗೆ ಬಂದು ಕಟ್ಟಿ ಹೋಗ್ತಾರೆ, ಚೀಟಿ ಅದೇ ಪ್ಲಾಸ್ಟಿಕ್ ಕವರಿನಲ್ಲಿ.